ಹೆಂಡತಿಯ ಮೌಸೂ ಎದುರುಮನೆಯ ಸ್ಕ್ರೂಡ್ರೈವರೂ

ನಮ್ಮ ಮನೆಯಲ್ಲಿ ಇನ್ನು ಮುಂದೆ ಏನೇ ಕೆಟ್ಟರೂ ಅದಕ್ಕೆ ಮರುಜೀವ ಬರುವುದು ಈ ನನ್ನ ಕೈಗಳಿಂದಲೇ ಎಂದು ಆ ರಜಾದಿನ ಬೆಳಿಗ್ಗೆ ಭೀಷ್ಮಪ್ರತಿಜ್ಞೆ ಮಾಡಿಬಿಟ್ಟೆ. ಕೆಟ್ಟಿದ್ದು ಹೆಂಡತಿಯ ಕಂಪ್ಯೂಟರಿನ ಮೌಸ್. ಪ್ರತಿಜ್ಞೆಗೆ ಕಾರಣ ಮಾತ್ರ ಎದುರುಮನೆಯವನು!

ಆತ ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಲ್ಲದೆ ಹೊರಗೆ ಕಾಲಿಡುವವನಲ್ಲ. ನಾನು ಅವನಿಗೆ ಮನಸ್ಸಿನಲ್ಲೇ ಸ್ಕ್ರೂಡ್ರೈವರ್ ಎಂದೇ ಹೆಸರು ಇಟ್ಟಿದ್ದೇನೆ. ನಮ್ಮ ಮಿಕ್ಸಿ, ನಲ್ಲಿ, ಬಾಗಿಲಿನ ಚಿಲಕ, ಎಲ್ಲವೂ ಅವನ ಕೃಪೆ. ಚಿಲಕ ಹಾಕುವಾಗಲೆಲ್ಲ ನನ್ನವಳು, "ಎಷ್ಟು ಸಲೀಸಾಗಿದೆ ನೋಡಿ! ಪಾಪ, ಎಷ್ಟು ಒಳ್ಳೆಯವರು" ಎಂದು ಕರಗಿಹೋಗುತ್ತಾಳೆ. ನನಗೆ ಹೊಟ್ಟೆಯೊಳಗೆ ಬೆಂಕಿ! ಆ ದನಿಯಲ್ಲಿ ನನ್ನ ಬಗ್ಗೆ ಅವಳು ಇದುವರೆಗೂ ಒಂದು ಮಾತಾಡಿಲ್ಲ.

ಅವಳು ಮನೆಯಲ್ಲೇ ಕುಳಿತು ಕಟ್ಟಡಗಳ ನಕ್ಷೆ ಬರೆಯುತ್ತಾಳೆ. ಅಂದು ಮಧ್ಯಾಹ್ನದೊಳಗೆ ಒಂದು ನಕ್ಷೆ ಕಳಿಸಲೇಬೇಕಿತ್ತು. ಮೌಸ್ ನೋಡಿದರೆ ತೆವಳುತ್ತಿತ್ತು.

"ಥತ್! ಹಾಲ್‌ನಲ್ಲಿ ಗೋಡೆ ಎಳೆದ್ರೆ ಹೋಗಿ ಬಚ್ಚಲಲ್ಲಿ ನಿಲ್ಲುತ್ತೆ! ರೀ, ಎದುರುಮನೆಯವರನ್ನ ಸ್ವಲ್ಪ ಕರೀರಿ."

"ಯಾಕೆ, ನಾನು ಸತ್ತಿದೀನಾ?"

"ಬಿಡ್ತು ಅನ್ನಿ! ಹಾಗಲ್ಲ ರೀ, ನಿಮಗೆ ಇದೆಲ್ಲ..."

"ಗೊತ್ತಾಗಲ್ಲ ಅಂತ ತಾನೇ? ಹೋಗಿ ಸ್ನಾನ ಮುಗಿಸ್ಕೊಂಡು ಬಾ. ಅಷ್ಟರಲ್ಲಿ ಹೇಗೆ ಓಡಿಸ್ತೀನಿ ನೋಡ್ತಿರು!"

ಮೌಸನ್ನು ಅಂಗಾತ ಮಲಗಿಸಿದೆ. ರೋಗ ಕಣ್ಣಿಗೇ ಬಿತ್ತು. ತಳದಲ್ಲಿದ್ದ ನುಣುಪಾದ ತೆಳು ಪಟ್ಟಿಗಳು ಸವೆದುಹೋಗಿದ್ದವು. ಹೊಸ ಪಾದ ಬೇಕು, ಅಷ್ಟೇ! ನಮ್ಮ ಊಟದ ಕುರ್ಚಿಗಳ ಕಾಲಿನಡಿ ದಪ್ಪ ಉಣ್ಣೆಯ ಬಿಲ್ಲೆಗಳಿವೆ, ನೆಲದ ಮೇಲೆ ಸದ್ದಿಲ್ಲದೆ ಜಾರಲಿ ಎಂದು. ನನ್ನಂಥ ಗಜಗಾತ್ರವನ್ನು ಹೊತ್ತ ಕುರ್ಚಿಯೇ ಜಾರುತ್ತದೆ ಅಂದಮೇಲೆ ಈ ಮೌಸ್ ಯಾವ ಲೆಕ್ಕ? ಕುರ್ಚಿಗಳನ್ನು ತಲೆಕೆಳಗು ಮಾಡಿ, ಅಡುಗೆಮನೆಯ ಚಾಕುವಿನಿಂದ ಬಿಲ್ಲೆಗಳನ್ನು ಎಬ್ಬಿಸಿದೆ. ಚಾಕುವಿನ ತುದಿ ಮುರಿಯಿತು. ಮುರಿಯಲಿ, ಮಹಾಕಾರ್ಯದಲ್ಲಿ ಇಂಥದ್ದೆಲ್ಲ ಇದ್ದದ್ದೇ! ಕಚ್ಚಿದರೆ ಬಿಡದ ಗೋಂದು ಸುರಿದು ನಾಲ್ಕು ಬಿಲ್ಲೆ ಅಂಟಿಸಿದೆ.

ಹೆಂಡತಿ ಬಂದು ಮೌಸ್ ಮೇಲೆ ಕೈಯಿಟ್ಟಳು. ಅದು ಮೇಜಿನ ಈ ತುದಿಯಿಂದ ಆ ತುದಿಗೆ ಸೊಂಯ್ ಎಂದು ಹೋಯಿತು.

"ಅಬ್ಬಾ! ಎಷ್ಟು ಸಲೀಸಾಗಿದೆ ರೀ!"

ಅದೇ ದನಿ! ಕೊನೆಗೂ ನನಗೇ! ಎದುರುಮನೆಗೆ ಕೇಳಿಸಲಿ ಎಂದು ಕಿಟಕಿ ತೆರೆಯಲು ಹೊರಟೆ.

"ರೀ, ಮೌಸ್ ಓಡ್ತಿದೆ. ಬಾಣ ನಿಂತಲ್ಲೇ ನಿಂತಿದೆಯಲ್ಲ?"

ಪರದೆಯ ಮೇಲಿನ ಬಾಣ ಗೂಟಕ್ಕೆ ಕಟ್ಟಿದಂತೆ ನಿಂತಿತ್ತು. ಗಾಬರಿಯಿಂದ ಬಿಲ್ಲೆ ಕೀಳಲು ಹೋದೆ. ಅಂಚಿನ ಗೋಂದು ಇನ್ನೂ ಹಸಿ. ಬಿಲ್ಲೆಯೂ ಬರಲಿಲ್ಲ, ನನ್ನ ಹೆಬ್ಬೆರಳೂ ಬರಲಿಲ್ಲ!

"ಅಯ್ಯೋ ನನ್ನ ಕರ್ಮವೇ! ನಕ್ಷೆ ಹೇಗ್ರೀ ಕಳಿಸ್ಲಿ?" ಎಂದವಳೇ ಎದುರುಮನೆಗೆ ಓಡಿದಳು.

ಸ್ಕ್ರೂಡ್ರೈವರ್ ಬಂದ. ನನ್ನ ಹೆಬ್ಬೆರಳಿಗೆ ನೇತಾಡುತ್ತಿದ್ದ ಮೌಸನ್ನು ನೋಡಿದ. ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು!

"ಸರ್, ಇದರ ತಳದ ಬೆಳಕು ಮೇಜಿಗೆ ಹತ್ರಾನೇ ಇರಬೇಕು. ನೀವು ಅದನ್ನ ಮಹಡಿ ಮೇಲೆ ಕೂರಿಸಿಬಿಟ್ಟಿದ್ದೀರಿ."

ಬಿಸಿ ಸೋಪಿನ ನೀರಲ್ಲಿ ನನ್ನ ಬೆರಳು ಬಿಡಿಸಿದ. ಬಿಲ್ಲೆಗಳನ್ನು ಹೆರೆದು ತೆಗೆದು, ನುಣುಪಾದ ತೆಳು ಟೇಪ್ ಅಂಟಿಸಿದ. ಬಾಣ ಓಡಿತು, ನಕ್ಷೆ ಹೊತ್ತಿಗೆ ಸರಿಯಾಗಿ ಹೋಯಿತು. "ಪಾಪ, ಎಷ್ಟು ಒಳ್ಳೆಯವರು!" ಎಂದು ಆ ದನಿಯೂ ಎಂದಿನ ವಿಳಾಸಕ್ಕೇ ಹೋಯಿತು.

ಬಾಗಿಲವರೆಗೆ ಕಳಿಸಲು ಹೋದೆ. ಅವನು ದನಿ ತಗ್ಗಿಸಿದ.

"ನಿಜ ಹೇಳ್ಲಾ ಸರ್? ನಿಮ್ಮನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು."

"ನನ್ನನ್ನಾ?"

"ಹೂಂ ಸರ್. ನಮ್ಮನೆಯವಳು ದಿನಾ ಹಂಗಿಸ್ತಾಳೆ. 'ಎದುರುಮನೆಯವರನ್ನ ನೋಡಿ ಕಲೀರಿ. ಎಷ್ಟು ಗಂಭೀರವಾಗಿ ಪೇಪರ್ ಓದ್ಕೊಂಡು ಕೂತಿರ್ತಾರೆ, ಯಾವುದಕ್ಕೂ ಕೈ ಹಾಕಲ್ಲ. ಗಂಡ ಅಂದ್ರೆ ಹಾಗಿರಬೇಕು' ಅಂತ."

ಆಹಾ! ನನ್ನ ಎದೆ ಎರಡು ಗೇಣು ಉಬ್ಬಿತು. ಈ ಭೂಮಿಯ ಮೇಲೆ ನನ್ನನ್ನೂ ಮೆಚ್ಚುವ ಹೆಣ್ಣೊಬ್ಬಳಿದ್ದಾಳೆ! ಗಂಭೀರವಾಗಿ ಗಂಟಲು ಸರಿಪಡಿಸಿಕೊಂಡೆ.

ಅಷ್ಟರಲ್ಲಿ ಎದುರು ಬಾಗಿಲು ತೆರೆದು ಆಕೆಯೇ ಹೊರಬಂದರು. ನನ್ನ ಸುಲಿದ ಹೆಬ್ಬೆರಳನ್ನು ನೋಡಿದರು. ನನ್ನ ಹಿಂದೆ ಕಾಲು ಮೇಲೆ ಮಾಡಿ ಬಿದ್ದಿದ್ದ ಕುರ್ಚಿಗಳನ್ನು ನೋಡಿದರು. ಗಂಡನ ತೋಳು ಹಿಡಿದು ಮೆತ್ತಗೆ ಹೇಳಿದರು:

"ಬನ್ನಿ ಮನೆಗೆ. ಇವರಿಗಿಂತ ನೀವೇ ವಾಸಿ!"