ಮಿಲಿಟರಿ ಟೈಮೂ ನನ್ನ ಹೊಟ್ಟೆಕಿಚ್ಚೂ

ಹೊಟ್ಟೆಕಿಚ್ಚು ದೊಡ್ಡವರ ಮೇಲೆ ಬರುವುದಿಲ್ಲ ಎಂಬುದು ನನ್ನ ಅನುಭವ. ಮಂತ್ರಿಗಳು ವಿಮಾನದಲ್ಲಿ ಓಡಾಡುತ್ತಾರೆಂದು ನಾನು ಎಂದೂ ಸಂಕಟಪಟ್ಟವನಲ್ಲ. ಆದರೆ ಪಕ್ಕದ ಮೇಜಿನವನಿಗೆ ಹೊಸ ಕುರ್ಚಿ ಬಂತೆಂದರೆ ಅವತ್ತು ನನಗೆ ಅನ್ನ ಸೇರುವುದಿಲ್ಲ. ಇಂಥ ನನ್ನ ಕಣ್ಣೆದುರಿಗೇ, ನನಗಿಂತ ಎಷ್ಟೋ ವರ್ಷ ಚಿಕ್ಕವನಾದ ಬಸವರಾಜನಿಗೆ ಏಸಿ ಕೋಣೆಯನ್ನೇ ಕಟ್ಟಿಸಿಕೊಟ್ಟರೆ ನಾನು ಹೇಗೆ ತಡೆದುಕೊಳ್ಳಲಿ, ನೀವೇ ಹೇಳಿ.

ನಾನು ಕೆಜಿಎಫ್‌ನ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ದಿನಾ ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದವನು. ನಮ್ಮ ಗೇಟಿನಲ್ಲಿ ಕೂರುತ್ತಿದ್ದ ಸುಬೇದಾರರು ಸೈನ್ಯದಿಂದ ನಿವೃತ್ತರಾಗಿ ಬಂದವರು. ಕಾರ್ಮಿಕರು ಒಳಗೆ ಬಂದದ್ದು, ಹೊರಗೆ ಹೋದದ್ದು ಎಲ್ಲವನ್ನೂ ಮಿಲಿಟರಿ ಟೈಮಿನಲ್ಲೇ ಬರೆಯುವರು. 1745 ಎಂದರೆ 1745, ನಾಲ್ಕು ಅಂಕಿ ಅಷ್ಟೆ. ಜಂಕ್ಷನ್ನಿನ ಊರಿನವರಾದ ನಮಗೆ ಅದು ರೈಲ್ವೆ ಟೈಮು, ನೀರು ಕುಡಿದಷ್ಟು ಸಲೀಸು. ಆದರೆ ನೋಟೀಸ್ ಬೋರ್ಡಿಗೆ ಹಾಕುವ ಹಾಜರಿ ಮಾತ್ರ ಎಲ್ಲರಿಗೂ ತಿಳಿಯುವ ಟೈಮಿನಲ್ಲೇ ಇರಬೇಕೆಂದು ಯೂನಿಯನ್ನಿನವರು ಹಟ ಹಿಡಿದಿದ್ದರು. ಹಾಗಾಗಿ 1745 ಅನ್ನು ಸಂಜೆ ಐದೂ ಮುಕ್ಕಾಲು ಮಾಡುವುದು ನನ್ನ ಉದ್ಯೋಗ. ಹನ್ನೆರಡು ಕಳೆಯುವುದೂ ಒಂದು ವಿದ್ಯೆಯೇ ಎಂದು ನಗಬೇಡಿ. ಇಡೀ ಕಾರ್ಖಾನೆಗೆ ಕಳೆದು ನೋಡಿ, ಗೊತ್ತಾಗುತ್ತದೆ. ಮದುವೆಮನೆಗಳಲ್ಲಿ ಕೂಡ ಯಾರಾದರೂ ರೈಲಿನ ಟೈಮು ಕೇಳಲಿ ಎಂದು ಕಾದಿದ್ದು, ಕೇಳಿದ ತಕ್ಷಣ ಉತ್ತರ ಹೇಳಿ ಸುತ್ತ ನೋಡುತ್ತಿದ್ದೆ. ನನ್ನ ಹೆಂಡತಿ ಅಂಥ ಹೊತ್ತಿನಲ್ಲಿ ಯಾವುದೋ ಮಗುವನ್ನು ಮಾತಾಡಿಸುತ್ತಿದ್ದಳು.

ತೊಂಬತ್ತರ ದಶಕದ ನಡುವೆ ಆಫೀಸಿಗೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಧಾರವಾಡದಿಂದ ಬಸವರಾಜ ಬಂದ. ಇಬ್ಬರನ್ನೂ ಸೇರಿಸಿ ಗಾಜಿನ ಕೋಣೆಯೊಳಗೆ ಕೂರಿಸಿದರು. ಒಳಗೆ ಹೋಗುವವರು ಚಪ್ಪಲಿ ಹೊರಗೇ ಬಿಡಬೇಕು. ಬೇಸಿಗೆಯಲ್ಲಿ ನಾವು ಕಾಗದದಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರೆ ಅವನು ಸ್ವೆಟರ್ ಹಾಕಿಕೊಳ್ಳುತ್ತಿದ್ದ! ಪರದೆಯ ತುಂಬ ಬರೀ ಚೌಕಗಳು, ಅದಕ್ಕೆ ಸ್ಪ್ರೆಡ್‌ಶೀಟ್ ಎಂದು ಹೆಸರು. ಸುಬೇದಾರರ ಪುಸ್ತಕ ನೋಡಿಕೊಂಡು ಟಕಟಕ ಒತ್ತಿ, ಕೊನೆಗೆ ಇಡೀ ಸಾಲನ್ನು ಕಪ್ಪು ಮಾಡಿ ಇನ್ನೇನೋ ಒತ್ತುವನು. ಅಷ್ಟೂ ಮಿಲಿಟರಿ ಟೈಮು ಒಂದೇ ಏಟಿಗೆ ಸಾದಾ ಟೈಮಾಗಿ ಕೂರುವುದು. ನನ್ನನ್ನು "ರೀ" ಎನ್ನುತ್ತಿದ್ದ ಮ್ಯಾನೇಜರು ಅವನ ಕುರ್ಚಿಯ ಹಿಂದೆ ಮಂಗಳಾರತಿಗೆ ನಿಂತವರಂತೆ ಕೈಕಟ್ಟಿ ನಿಲ್ಲುತ್ತಿದ್ದರು. ಮನೆಯಲ್ಲಿ ಹೇಳಿಕೊಂಡು ಹಗುರಾಗೋಣವೆಂದರೆ ನನ್ನ ಹೆಂಡತಿ, ಪಾಪ ಊರು ಬಿಟ್ಟು ಬಂದಿರುವ ಹುಡುಗ, ಒಂದು ದಿನ ಊಟಕ್ಕೆ ಕರೆದುಕೊಂಡು ಬನ್ನಿ ಎಂದಳು.

ನನ್ನ ಪಕ್ಕದ ಮೇಜಿನ ಮುನಿವೆಂಕಟಪ್ಪ ಕಾಮಸಮುದ್ರದ ಕಡೆಯವನು, ನನ್ನ ಓರಗೆಯವನು. ಒಂದು ದಿನ ನಾನು ಗಾಜಿನ ಕಡೆಗೇ ನೋಡುತ್ತಿದ್ದುದನ್ನು ಕಂಡು, "ಯಾಕ್ಲಾ ಸುಮ್ಕೆ ಒಟ್ಟೆ ಉರ್ಕೊಂತೀಯ? ನೀನೂ ಒಂದು ಕುರ್ಚಿ ಆಕ್ಸ್ಕೊಂಡು ಒಳೀಕೋಗಿ ಕುಂತ್ಕೋ" ಎಂದ. ಅವನು ಆಡಿದ್ದು ತಮಾಷೆಗೆ. ನನಗೆ ಮಾತ್ರ ಅಂದಿನಿಂದ ಆ ಕೋಣೆಯಲ್ಲೊಂದು ಕುರ್ಚಿ ಸಿಗದಿದ್ದರೆ ಬದುಕಿದ್ದೂ ವ್ಯರ್ಥವೆನಿಸಿತು.

ಬಸವರಾಜ ತಂಗಿಯ ಮದುವೆಗೆಂದು ರಜೆ ಹಾಕಿದಾಗ ಮ್ಯಾನೇಜರು ಆ ಕೆಲಸವನ್ನು ನನಗೆ ಒಪ್ಪಿಸಿದರು. ಹೊರಡುವ ಮುಂಚೆ ಅವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಿ ಏನು ಒತ್ತಬೇಕೆಂದು ತೋರಿಸತೊಡಗಿದ. ಗಾಜಿನಾಚೆಯಿಂದ ತಿಂಗಳುಗಟ್ಟಲೆ ನೋಡಿದ್ದೇನೆ, ಇವನಿಂದ ಕಲಿಯಬೇಕೆ ಎಂದು ನನಗೆ ಉರಿಯುತ್ತಿತ್ತು. "ಇನ್ನೊಂದು ಮುಖ್ಯ ಮಾತು ಅದ ರೀ ಸರ" ಎಂದು ಅವನು ಶುರುಮಾಡಿದ. ಎಲ್ಲಾ ಗೊತ್ತಪ್ಪ, ನಿನಗೆ ರೈಲು ತಪ್ಪುತ್ತೆ ಎಂದು ಅವನ ಚೀಲವನ್ನು ನಾನೇ ಎತ್ತಿ ಹೊರಗಿಟ್ಟೆ.

ಆಮೇಲೆ ಪುಸ್ತಕದಲ್ಲಿದ್ದ ಅಂಕಿಗಳನ್ನು ಇದ್ದದ್ದಿದ್ದಂತೆ ಹೊಡೆದೆ, ಸಾಲನ್ನು ಕಪ್ಪು ಮಾಡಿದೆ, ಒತ್ತುವುದನ್ನು ಒತ್ತಿದೆ. ಏನೋ ಬದಲಾಯಿತು. ಬದಲಾದದ್ದೇ ಸಾಕೆಂದು ತಲೆಬರಹವನ್ನು ದಪ್ಪ ಮಾಡುವುದರಲ್ಲಿ ಮುಳುಗಿಹೋದೆ. ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದ ಕಿರುಗುಡುತ್ತಾ ಹೊರಬರುತ್ತಿದ್ದರೆ ಎದೆ ಉಬ್ಬಿತು. ಓದುವ ಗೊಡವೆಗೂ ಹೋಗದೆ ಕೈಯಾರೆ ನೋಟೀಸ್ ಬೋರ್ಡಿಗೆ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಅಲ್ಲಿ ಗುಂಪು ಸೇರಿತು. ನನ್ನನ್ನು ಹೊಗಳುವುದಕ್ಕೇ ಸೇರಿದ್ದಾರೆಂದುಕೊಂಡು ಹತ್ತಿರ ಹೋದೆ. ಉರಿಗಾಂನಿಂದ ಬರುತ್ತಿದ್ದ ಸೆಲ್ವರಾಜ್ ಬಹಳ ವಿನಯದಿಂದ, "ಸಾರ್, ಎಲ್ಲಾರೂ ನಡುರಾತ್ರಿ ಅನ್ನೆರಡಕ್ಕೆ ಬಂದು ಅನ್ನೆರಡಕ್ಕೇ ಓಗೋದಕ್ಕೆ ನಾವೇನು ಪೇಯಾ?" ಎಂದು ಕೇಳಿದ. ಪೇಯಿ ಅಂದರೆ ದೆವ್ವ ಎಂದು ಪಕ್ಕದವನು ನನಗೆ ಕನ್ನಡದಲ್ಲಿ ತಿಳಿಸಿದ. ಒಬ್ಬರನ್ನೂ ಬಿಡದೆ ಇಡೀ ಕಾರ್ಖಾನೆಯೇ ರಾತ್ರಿ ಹನ್ನೆರಡಕ್ಕೆ ಬಂದು, ಅದೇ ಹನ್ನೆರಡಕ್ಕೆ ಮನೆಗೆ ಹೋಗಿತ್ತು.

ಮ್ಯಾನೇಜರು ಕಾಗದವನ್ನು ಕಿತ್ತು ತೆಗೆಸಿದರು. ಬಸವರಾಜ ಬರುವವರೆಗೆ ಆ ಕೋಣೆಯ ಕಡೆ ತಲೆ ಹಾಕಬೇಡಿ ಎಂದರು. ಕುರ್ಚಿಯ ಆಸೆಗೆ ಎಳ್ಳುನೀರು ಬಿಟ್ಟೆ. ಬಸವರಾಜ ಪೇಡೆಯ ಡಬ್ಬಿ ಹಿಡಿದು ಬಂದ ದಿನವೇ ಮ್ಯಾನೇಜರು ನಮ್ಮಿಬ್ಬರನ್ನೂ ಕರೆಸಿದರು. ಇವನು ಈಗ ನನ್ನ ಮಾನ ಕಳೆಯುತ್ತಾನೆ, ಆಮೇಲೆ ಇವನನ್ನು ಜನ್ಮವಿಡೀ ದ್ವೇಷಿಸಿಕೊಂಡು ಹಾಯಾಗಿರಬಹುದು ಎಂದು ನಾನು ಸಿದ್ಧನಾಗಿ ನಿಂತಿದ್ದೆ.

"ಅದು ಇವರ ತಪ್ಪಲ್ರೀ ಸರ" ಎಂದ ಬಸವರಾಜ. "ತಾಸಿಗೂ ಮಿನಿಟಿಗೂ ನಡುವ ಎರಡು ಚುಕ್ಕಿ ಇಡಬೇಕು. ಇಡಲಿಲ್ಲಂದ್ರ ಮಷೀನು ಅದನ್ನ ದಿನದ ಲೆಕ್ಕ ಅಂತ ತಿಳಕೋತದ, ತಾಸಿನ ಜಾಗಾದಾಗ ಏನೂ ಉಳಿಯೂದಿಲ್ಲ, ರಾತ್ರಿ ಹನ್ನೆರಡು ಅಂತ ತೋರಸ್ತದ. ನಾನ ಹೇಳೂದು ಮರತೆ." ಅಷ್ಟಕ್ಕೂ ನಿಲ್ಲಿಸದೆ, ಇದು ಒಬ್ಬನಿಂದ ಆಗುವ ಕೆಲಸವಲ್ಲ, ಇವರಿಗೂ ಒಳಗೊಂದು ಕುರ್ಚಿ ಹಾಕಿಸಿ, ಇವರು ಓದಿ ಹೇಳಿದರೆ ನಾನು ಟೈಪು ಮಾಡುತ್ತೇನೆ ಎಂದ. ಮ್ಯಾನೇಜರು ಒಪ್ಪಿಬಿಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಬ್ಬ ಮನುಷ್ಯನಿಗೆ ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡಲೂ ಬಿಡದಷ್ಟು ಒಳ್ಳೆಯವನಾಗಬಾರದು.

ಹಾಗೆ ಗಾಜಿನ ಕೋಣೆ ಸೇರಿದೆ. ಎರಡೇ ವಾರಕ್ಕೆ ಮೂಗು ಕಟ್ಟಿತು. ಒಳಗೆ ಟೀ ತರುವಂತಿಲ್ಲ, ಬೋಂಡ ತಿನ್ನುವಂತಿಲ್ಲ, ಗಟ್ಟಿಯಾಗಿ ನಕ್ಕರೆ ಬಸವರಾಜನ ಲೆಕ್ಕ ತಪ್ಪುತ್ತದೆ. ಮಫ್ಲರ್ ಸುತ್ತಿಕೊಂಡು ಸುಬೇದಾರರ ಅಂಕಿಗಳನ್ನು ಓದಿ ಹೇಳುತ್ತಾ ಒಮ್ಮೆ ತಲೆ ಎತ್ತಿದರೆ, ಗಾಜಿನಾಚೆ ಕಿಟಕಿ ಪಕ್ಕದ ನನ್ನ ಹಳೆಯ ಕುರ್ಚಿಯಲ್ಲಿ ಮುನಿವೆಂಕಟಪ್ಪ ಕಾಲು ಚಾಚಿ ಕೂತಿದ್ದ. ಸುತ್ತ ನಾಲ್ಕು ಜನ ಅವನ ಮಾತಿಗೆ ಬಿದ್ದುಬಿದ್ದು ನಗುತ್ತಿದ್ದರು, ಅವನು ಬಿಸಿ ಟೀಯನ್ನು ಸಾಸರಿಗೆ ಸುರಿದುಕೊಂಡು ಸೊರ್ರೆಂದು ಹೀರುತ್ತಿದ್ದ. ನನ್ನ ಹೊಟ್ಟೆ ಧಗಧಗ ಉರಿಯತೊಡಗಿತು. ಆ ಕೋಣೆ ಸೇರಿದ ಮೇಲೆ ನನಗೆ ಸ್ವಲ್ಪ ಬೆಚ್ಚಗೆನಿಸಿದ್ದು ಅವತ್ತೇ.