ದೊರೆಸಾನಿ ಕುರಿಯಲ್ಲ ಸ್ವಾಮಿ!

ಕಾನೂನು ಅಂದ್ರೆ ನನಗೆ ಮೊದಲಿಂದಲೂ ದೇವರಷ್ಟೇ ಭಯ, ಭಕ್ತಿ. ಲಾ ಕಾಲೇಜಿಗೆ ಎರಡು ವರ್ಷ ಹೋಗಿ, ಮದುವೆ ಆಯ್ತು ಅಂತ ಬಿಟ್ಟವನು ನಾನು. (ಮದುವೆ ಆದ್ಮೇಲೆ ವಾದ ಮಾಡೋ ವಿದ್ಯೆ ಯಾತಕ್ಕೂ ಬರಲ್ಲ ಅಂತ ಬೇಗ ಗೊತ್ತಾಯ್ತು.) ಆದರೂ ಅನುಗೊಂಡನಹಳ್ಳಿ ಸುತ್ತಮುತ್ತ ಬದು ಜಗಳ ಆದ್ರೆ "ಆದಿನಾರಾಯಣಪ್ಪನ್ನ ಕರೀರಪ್ಪ" ಅಂತಾರೆ. ಅಂಥ ನನ್ನನ್ನ ನನ್ನ ಹೆಂಡತಿ ಮುನಿರತ್ನಮ್ಮ ನನ್ನ ಮಾತಿನ ಹಗ್ಗದಲ್ಲೇ ಕಟ್ಟಿ ಹಾಕಿಬಿಟ್ಟಳು. ಅದಕ್ಕೆಲ್ಲ ಕಾರಣ ಒಂದು ಅಲ್ಪಾಕಾ.

ದೇವನಹಳ್ಳಿ ಹತ್ರ ರೆಸಾರ್ಟ್ ನಡೆಸ್ತಿದ್ದ ಪ್ರಮೋದಾ ಮೇಡಂ ಅದನ್ನ ಮುಚ್ಚುವಾಗ, "ಸಾರ್, ಇದು ಪೆರು ದೇಶದ ಪ್ರಾಣಿ. ಕಾಗದ ಪತ್ರ ಜಾಸ್ತಿ. ಕಾನೂನು ಬಲ್ಲ ನೀವೇ ಸಾಕಬೇಕು" ಅಂದ್ರು. ನಾನು ಉಬ್ಬಿಹೋದೆ. ಗೂಡ್ಸ್ ಆಟೋದಿಂದ ಇಳಿದ ಆ ಮಹಾತಾಯಿಗೆ ಒಂಟೆ ಕತ್ತು, ಕುರಿ ಮೈ, ಕಾಡಿಗೆ ತೀಡಿದಂಥ ಕಣ್ಣು. ನಮ್ಮ ಕೊಟ್ಟಿಗೆನ ತಪಾಸಣೆಗೆ ಬಂದ ಡಿಸಿ ಥರ ಒಂದು ಸುತ್ತು ನೋಡಿ, "ಹೂಂ..." ಅಂತ ರಾಗ ಎಳೀತು. (ಅದು ಕೂಗೋದೇ ಹಾಗೆ.) ನಾನು ಕೈ ಮುಗಿಯೋದೊಂದು ಬಾಕಿ.

"ಅಯ್ಯೋ, ಥೇಟ್ ನಿಮ್ ಹಾಗೇ ಹೂಂ ಅಂತದಲ್ರೀ!" ಅಂದಳು ಮುನಿರತ್ನಮ್ಮ. "ಹೂಂಗುಟ್ಟೋದು ಒಂದಿತ್ತು, ಈಗ ಎರಡಾಯ್ತು. ಸಾಕೋರ್ಯಾರು ಇದನ್ನ?"

"ನೀನೇ. ಪಾಲಿಗೆ ತಗೋ."

ನಮ್ಮೂರಲ್ಲಿ ಕುರಿನೋ ಹಸುನೋ ಒಬ್ಬರು ಕೊಟ್ಟು ಇನ್ನೊಬ್ಬರು ಸಾಕೋದಿದ್ರೆ ಅದು ಪಾಲಿಗೆ ಕೊಡೋದು. ಮೊದಲ ಮರಿ ಕೊಟ್ಟವನದು, ಎರಡನೇದು ಸಾಕಿದವರದು. ಗಂಡ ಹೆಂಡತಿ ಮಧ್ಯೆ ಈ ಒಪ್ಪಂದ ಮಾಡಿಕೊಂಡ ಕೀರ್ತಿ ನಮ್ಮದೊಂದೇ ಮನೆಗೆ ಇರಬೇಕು. ಮುನಿರತ್ನ ಹೂಂ ಅಂದಳು. ಪ್ರಾಣಿಗೆ ದೊರೆಸಾನಿ ಅಂತ ಹೆಸರಿಟ್ಟಳು. ಬೂಸಾ, ಹುಲ್ಲು, ನೀರು ಎಲ್ಲ ಅವಳದೇ ಪಾಡು. ನನ್ನದು ಬರೀ ಒಡೆತನ.

ಒಂದಿನ ದೊರೆಸಾನಿ ಬೇಲಿ ಹಾರಿ ಪಕ್ಕದ ಜವರಪ್ಪನ ಹಿಪ್ಪುನೇರಳೆ ತೋಟಕ್ಕೆ ನುಗ್ಗಿ, ಅವನ ರೇಷ್ಮೆ ಹುಳದ ಬಾಯಿಗೆ ಸೇರಬೇಕಾದ ಸೊಪ್ಪನ್ನೆಲ್ಲ ಮೇಯ್ದುಬಿಡ್ತು. ಓಡಿಸೋಕೆ ಹೋದವನ ಮುಖಕ್ಕೆ ಉಗುಳಿತು ಕೂಡ. ಜವರಪ್ಪ ಹಿಡಿದು ತನ್ನ ಹಲಸಿನ ಮರಕ್ಕೆ ಕಟ್ಟಿಹಾಕಿದ. ನಮ್ಮೂರ ಕಟ್ಟಲೆ ಪ್ರಕಾರ ಮೇಯ್ದಷ್ಟು ಸೊಪ್ಪನ್ನ ಒಡೆಯ ತನ್ನ ತಲೆ ಮೇಲೆ ಹೊತ್ತು ತಂದು ಹಾಕಬೇಕು. ಅಲ್ಲೀವರೆಗೂ ಪ್ರಾಣಿ ಬಿಡಂಗಿಲ್ಲ.

"ಹೊತ್ಕೊಂಡೋಗಿ ಹಾಕ್ಬಿಡ್ರೀ. ತಪ್ಪು ನಮ್ದು. ಪಾಪ, ಅದು ಅಲ್ಲಿ ಹುಲ್ಲು ಮುಟ್ಟಿಲ್ವಂತೆ" ಅಂತ ಮುನಿರತ್ನ ಕಣ್ಣಲ್ಲಿ ನೀರು ತಂದ್ಕೊಂಡಳು.

ನಾನು ಸೊಪ್ಪು ಹೊರೋದಾ? ಅರಳಿಕಟ್ಟೆಗೆ ಹೋಗಿ ಹಿರಿಯರಾದ ಮುನಿವೆಂಕಟಪ್ಪನವರ ಮುಂದೆ ನಿಂತೆ.

"ಸ್ವಾಮಿ, ಇದು ಹಸುವೇ? ಅಲ್ಲ. ಕುರಿಯೇ? ಅಲ್ಲ. ಮೇಕೆಯೇ? ಖಂಡಿತ ಅಲ್ಲ! ದನದ ಡಾಕ್ಟರು ರೂಪ ಮೇಡಂ ಕೂಡ 'ಇತರೆ' ಅಂತ ಬರ್ಕೊಂಡವ್ರೆ. ಕುರಿ ದನಕ್ಕೆ ಅಂತ ಹಿರಿಯರು ಮಾಡಿದ ಯಾವ ಕಟ್ಟಲೆಯೂ ಈ ಜೀವಕ್ಕೆ ತಾಗಲ್ಲ!"

ಮುನಿವೆಂಕಟಪ್ಪ ಮೀಸೆ ನೀವಿಕೊಂಡು, "ಏನಪ್ಪಾ ನಿನ್ನ ತಲೆ! ಬಿಟ್ಬಿಡು ಜವರಪ್ಪ" ಅಂದ್ರು. ಆವತ್ತು ನನ್ನ ಬುದ್ಧಿಗೆ ನಾನೇ ಬೆರಗಾದೆ.

ಕೆಲವು ತಿಂಗಳಾದ್ಮೇಲೆ ಒಂದು ಬೆಳಗ್ಗೆ ಮುನಿರತ್ನ ಕೂಗಿದಳು. ಓಡಿಹೋದೆ. ದೊರೆಸಾನಿ ರೆಸಾರ್ಟಿಂದ ಬರುವಾಗಲೇ ಗಬ್ಬ ಆಗಿತ್ತಂತೆ, ನಮಗೆಲ್ಲಿ ಗೊತ್ತು? ಆ ದಪ್ಪ ಉಣ್ಣೆಯೊಳಗೆ ಏನು ಅಡಗಿದ್ರೂ ಕಾಣಲ್ಲ. ಎಳೆಬಿಸಿಲಲ್ಲಿ ಒದ್ದೆ ಮುದ್ದೆಯಂಥ ಮರಿ ಬಿದ್ದಿತ್ತು. ಕಡ್ಡಿ ಕಾಲು ಊರಿತು, ಬಿತ್ತು. ಮತ್ತೆ ಊರಿ, ನಡುಗಿಕೊಂಡೇ ನಿಂತಿತು. ಸಮುದ್ರದಾಚೆ ದೇಶದ ಜೀವ ನಮ್ಮ ಸಗಣಿ ನೆಲದ ಮೇಲೆ ಮೊದಲ ಹೆಜ್ಜೆ ಇಟ್ಟಿದ್ದು ನೋಡ್ತಾ ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಮುನಿರತ್ನ ಸೆರಗಲ್ಲಿ ಅದರ ಮೂಗು ಒರೆಸ್ತಾ ಅಳ್ತಿದ್ದಳು. ಏನು ಸೃಷ್ಟಿನಪ್ಪಾ ದೇವ್ರೇ ಅನ್ನಿಸ್ತು.

ಅಷ್ಟಕ್ಕೇ ಸುಮ್ನಿರಬೇಕಿತ್ತು. ಸಂಭ್ರಮದಲ್ಲಿ ಪ್ರಮೋದಾ ಮೇಡಂಗೆ ಫೋನ್ ಮಾಡಿದೆ. ನಂದಿ ಬೆಟ್ಟದ ತಪ್ಪಲಲ್ಲಿ ಹೊಸ ರೆಸಾರ್ಟ್ ತೆಗೀತಿದ್ದೀನಿ, ಹಾಲು ಬಿಟ್ಟ ಮೇಲೆ ಮರಿ ಕೊಡಿ ಸಾರ್ ಅಂದ್ರು. ಆಗಲಿ ಅಂದುಬಿಟ್ಟೆ.

"ತಾಯಿಂದ ಮರಿ ಕೀಳ್ತೀರಾ? ಯಾರನ್ನ ಕೇಳಿ ಮಾತು ಕೊಟ್ರಿ?"

"ಪಾಲಿನ ಪದ್ಧತಿ ಕಣೇ. ಮೊದಲ ಮರಿ ನಂದು!"

ಬೇಲಿಯಾಚೆ ಜವರಪ್ಪ ಕತ್ತು ಉದ್ದ ಮಾಡಿದ. ಮುನಿರತ್ನ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಪಾಲಿನ ಪದ್ಧತಿ ಯಾತಕ್ಕಿರೋದು?"

"ಕುರಿಗೆ, ಹಸುಗೆ..." ಅಂದವನು ನಾಲಗೆ ಕಚ್ಚಿಕೊಂಡೆ.

"ದೊರೆಸಾನಿ ಕುರಿಯಾ?"

ನಾನು ಬೇಲಿಯಾಚೆ ಜವರಪ್ಪನ ಕಡೆ ನೋಡಿದೆ.

"ಕುರಿ ಅಂತ ಒಪ್ಕೊಳಿ, ಮರಿ ನಿಮ್ದು. ಆದ್ರೆ ಈಗ್ಲೇ ಅರಳಿಕಟ್ಟೆಗೆ ಹೋಗಿ, ಅವತ್ತು ಸುಳ್ಳು ಹೇಳ್ದೆ ಅಂತ ಮುನಿವೆಂಕಟಪ್ಪನವರ ಮುಂದೆ ಹೇಳಿ, ಸೊಪ್ಪು ಹೊರಬೇಕು. ಕುರಿ ಅಲ್ಲ ಅಂದ್ರೆ ಪಾಲೂ ಇಲ್ಲ, ಗೀಲೂ ಇಲ್ಲ. ಸಾಕಿದ್ದು ನಾನು, ಮರಿ ನಂದು."

ಎರಡು ವರ್ಷ ಲಾ ಓದಿದವನು ನಾನು. ಏಳನೇ ಕ್ಲಾಸು ಓದಿದ ಇವಳು ಎಂಥಾ ಪಾಟೀಸವಾಲು ಹಾಕಿದಳು ನೋಡಿ! ಕೋಪ ಬರಬೇಕಿತ್ತು, ನಿಜ ಹೇಳ್ತೀನಿ, ಮೈ ಜುಮ್ ಅಂತು. ಅಷ್ಟರಲ್ಲಿ ಮರಿ ಬಂದು ನನ್ನ ಪಂಚೆ ಅಂಚು ಚೀಪಿತು.

"ಕುರಿ ಅಲ್ಲ" ಅಂದೆ.

"ಅಂಗಾರೆ ನನ್ ಸೊಪ್ಪು?" ಅಂದ ಜವರಪ್ಪ.

"ಅದನ್ನೂ ಹೊರ್ತಾರೆ ಜವರಪ್ಪಣ್ಣ" ಅಂದಳು ಮುನಿರತ್ನ.

"ಏಯ್! ದಂಡ ಇಲ್ಲ ಅಂತ ತೀರ್ಮಾನ ಆಗಿದೆ!"

"ದಂಡ ಅಂತ ಯಾರಂದ್ರು? ದಂಡ ಅಂದ್ರೆ ನಿಮ್ ವಾದ ಬಿದ್ದೋಗಲ್ವಾ? ಇದು ನೆರೆಹೊರೆ ಪ್ರೀತಿ. ಎತ್ಕೊಳಿ."

ಊರಾಚೆ ತೋಟದಲ್ಲಿ ಕೊಂಡ ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆ ಮೇಲಿಟ್ಟುಕೊಂಡು ಊರ ಬೀದೀಲಿ ಹೊರಟೆ. ಕಟ್ಟೆ ಮೇಲಿದ್ದವರೆಲ್ಲ ಎದ್ದು ನಿಂತರು. ಗೌರವ ಅಂದುಕೊಂಡೆ. ಮುನಿವೆಂಕಟಪ್ಪನವರೂ ಬಾಯಿಗೆ ಟವೆಲ್ ಅಡ್ಡ ಹಿಡಿದಿದ್ದರು. ಹೋಗ್ತಾ ಹೋಗ್ತಾ ಹೊರೆ ಹಗುರ ಆಗ್ತಾ ಬಂತು, ಅಭ್ಯಾಸ ಆಯ್ತು ಅಂತ ಖುಷಿಪಟ್ಟೆ. ಜವರಪ್ಪನ ಬಾಗಿಲಲ್ಲಿ ಇಳಿಸಿದ್ರೆ ಉಳಿದದ್ದು ಬರೀ ಕಡ್ಡಿ! ತಿರುಗಿ ನೋಡಿದೆ. ಹಿಂದೆ ದೊರೆಸಾನಿ ನಿಧಾನವಾಗಿ ಮೆಲುಕು ಹಾಕ್ತಾ ನಿಂತಿದ್ದಳು, ಪಕ್ಕದಲ್ಲಿ ನನ್ನ ಹೆಂಡತಿ.

"ಇನ್ನೊಂದು ಹೊರೆ ತತ್ತೀರಾ?" ಅಂದಳು.

ದೊರೆಸಾನಿ ಮತ್ತು ನಾನು ಒಟ್ಟಿಗೇ "ಹೂಂ" ಅಂದೆವು.