ಅಳತೆಗೊಂದು ಕೊಸರು

ಸೈಕಲ್ ನಿಲ್ಲಿಸಿದಾಗ ತನ್ನ ಎರಡೂ ಕಾಲು ನೆಲಕ್ಕೆ ಊರಬೇಕು ಎಂಬುದು ನಂದಕಿಶೋರನ ಬದುಕಿನ ಒಂದೇ ಒಂದು ಆಸೆಯಾಗಿತ್ತು.

ಇದೂ ಒಂದು ಆಸೆಯೇ ಎಂದು ನೆಲಕ್ಕೆ ಕಾಲು ಮುಟ್ಟುವವರು ಕೇಳಬಹುದು. ಅಣ್ಣ ವಿಠ್ಠಲ ಆರಡಿ ಎತ್ತರದ ಆಳು. ಅವನು ತೊಟ್ಟು ಬಿಟ್ಟ ಅಂಗಿ, ಮೆಟ್ಟಿ ಬಿಟ್ಟ ಚಪ್ಪಲಿ, ಓದಿ ಬಿಟ್ಟ ಪುಸ್ತಕ, ಕಡೆಗೆ ತುಳಿದು ಬಿಟ್ಟ ಕರಿ ಸೈಕಲ್ಲು, ಎಲ್ಲವೂ ಸರತಿಯ ಮೇಲೆ ತಮ್ಮನಿಗೆ ಇಳಿದು ಬಂದಿದ್ದವು. ಎತ್ತರವೊಂದು ಇಳಿದು ಬರಲಿಲ್ಲ. ಆ ಸೈಕಲ್ ಹತ್ತಲು ಅವನಿಗೆ ಒಂದು ಕಟ್ಟೆ ಬೇಕು, ಇಳಿಯಲು ಇನ್ನೊಂದು ಕಟ್ಟೆ ಬೇಕು. ವಾಡಿಯ ಯಾವ ಓಣಿಯಲ್ಲಿ ಎಂಥ ಕಟ್ಟೆ ಇದೆಯೆಂಬುದು ಅವನಷ್ಟು ಆ ಊರಿನ ಗೌಂಡಿಗಳಿಗೂ ಗೊತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ "ನಿಂದರ್ರಿ, ಒಂದೀಟು ಚಾ ಕುಡಿಯೋಣು" ಎಂದು ಕೈ ಮಾಡಿದರೆ ಅವನು ಕಟ್ಟೆ ಸಿಗುವ ತನಕ ಮುಂದೆ ಹೋಗಿಬಿಡುತ್ತಿದ್ದ. ಹೀಗಾಗಿ ವಾಡಿಯಲ್ಲೇ ಅತಿ ನಾಚಿಕೆಯ ಮನುಷ್ಯನಿಗೆ ಸೊಕ್ಕಿನವನೆಂಬ ಹೆಸರು ಬಂದಿತ್ತು.

ಅವನು ಫರ್ಸಿಕಲ್ಲಿನ ಗಣಿಯ ಕಾಟಾದಲ್ಲಿ ಕಾರಕೂನ. ದಿನವಿಡೀ ಲಾರಿ ತೂಗುವುದು, ತೂಕ ಬರೆಯುವುದು. ಗಣಿಯ ದಾರಿಯ ತುಂಬ ಕಲ್ಲಿನ ಚೂರು. ವಾಡಿಯಲ್ಲಿ ಮೊಬೈಲು ಇನ್ನೂ ಗುತ್ತಿಗೆದಾರರ ಕಿಸೆಯಲ್ಲಷ್ಟೇ ಇದ್ದ ಕಾಲ ಅದು. ಹೈದರಾಬಾದಿನ ಫುಟ್‌ಪಾತಿನಲ್ಲಿ ಕೊಂಡ ಒಂದು ಹಳೆಯ ಪತ್ರಿಕೆಯಲ್ಲಿ ಅವನು ಗುಡ್ಡ ಹತ್ತುವ ಸೈಕಲ್ಲಿನ ಚಿತ್ರ ನೋಡಿದ. ಬಿಡಿ ಸಾಮಾನು ಕೂಡಿಸಿ, ಸವಾರನ ಮೈ ಅಳತೆಗೆ ಸರಿಯಾಗಿ ಅದನ್ನು ಕಟ್ಟಿಸಿಕೊಳ್ಳಬಹುದು ಎಂದು ಅದರಲ್ಲಿ ಬರೆದಿತ್ತು. ಮೈ ಅಳತೆಗೆ! ಆ ಸಾಲನ್ನು ಅವನು ಮತ್ತೆ ಮತ್ತೆ ಓದಿದ. ಒಂದು ವರ್ಷ ಗಾಲಿ, ಗೇರು, ಬ್ರೇಕು, ಮುಂದಿನ ಗಾಲಿ ಹಿಡಿಯುವ ಸ್ಪ್ರಿಂಗಿನ ಕವಲು ಒಂದೊಂದಾಗಿ ತರಿಸಿ ಗೋಣಿಚೀಲದಲ್ಲಿ ತುಂಬಿ ಮಂಚದ ಕೆಳಗಿಟ್ಟ. ತಾಯಿ ಜಾನಕೀಬಾಯಿ ಕಸ ಹೊಡೆಯುವಾಗಲೆಲ್ಲ ಆ ಚೀಲಕ್ಕೆ ಶಾಪ ಹಾಕುತ್ತಿದ್ದಳು.

ಉಳಿದದ್ದು ಫ್ರೇಮು. ಒಂದು ಭಾನುವಾರ ಬೆಳಿಗ್ಗೆ ಸ್ಟೇಷನ್ ರಸ್ತೆಯ ಸೈಕಲ್ ಅಂಗಡಿಯ ಹಾಜಿಮಲಂಗ್ ಹೇಳಿ ಕಳಿಸಿದ. ಹೈದರಾಬಾದಿನಲ್ಲಿ ಬಂದಾದ ಅಂಗಡಿಯೊಂದರ ಮಾಲು ಬಂದಿದೆ, ಮಧ್ಯಾಹ್ನಕ್ಕೆ ಅದೇ ಲಾರಿ ಕಲಬುರಗಿಗೆ ಹೋಗುತ್ತದೆ, ಬೇಕಾದ್ದು ಈಗಲೇ ಆರಿಸಿಕೊಳ್ಳಬೇಕು.

ನಂದಕಿಶೋರ ಒಬ್ಬನೇ ಹೋಗಬೇಕೆಂದಿದ್ದ. ಪಕ್ಕದ ಕ್ವಾರ್ಟರ್ಸಿನ ಮಡಿವಾಳಯ್ಯನವರು ಜೊತೆಗೆ ಹೊರಟರು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಇಡೀ ಗಾಡಿಯ ಜವಾಬ್ದಾರಿ ಹೊತ್ತ ಅಭ್ಯಾಸ. ಯಾರ ಮನೆಯ ಕೆಲಸವೇ ಆಗಲಿ, ಕಡೆಯ ಡಬ್ಬಿಯಲ್ಲಿ ತಾವು ನಿಂತಿರಲೇಬೇಕು.

ಅಂಗಡಿಯ ಸೂರಿನಿಂದ ಫ್ರೇಮುಗಳು ತೊಟ್ಟಿಲುಗಳ ಹಾಗೆ ತೂಗುತ್ತಿದ್ದವು. ಹಾಜಿಮಲಂಗ್ ಕೆಂಪು ಫ್ರೇಮೊಂದನ್ನು ಇಳಿಸಿದ.

"ಇದು ನೋಡ್ರಿ ಸಾಬ್. ಮುಂದಿಂದು ಹೆಂಗೂ ಸ್ಪ್ರಿಂಗಿಂದು ನಿಮ್ಮ ಕಡೆ ಅದ. ಇದಕ್ಕ ಹಿಂದೂ ಸ್ಪ್ರಿಂಗ್ ಅದ. ಮ್ಯಾಲ ಕುಂತ್ರ ನಿದ್ದಿ ಬರ್ತದ."

"ನನಗ ಹಿಂದ ಸ್ಪ್ರಿಂಗ್ ಇಲ್ಲದ್ದು ಬೇಕು," ಎಂದ ನಂದಕಿಶೋರ, ನೆಲಕ್ಕೆ ಹೇಳುವವನಂತೆ.

ಮಡಿವಾಳಯ್ಯನವರು ಹೌಹಾರಿದರು. "ಅಲ್ಲೋ ತಮ್ಮಾ, ಕೊಡಾಂವ ಎರಡೂ ಕಡೆ ಕೊಡ್ತೀನಂತಾನ, ನೀ ಒಂದ ಕಡೆ ಸಾಕಂತಿ. ಮದಿವ್ಯಾಗ ಎರಡು ಹೋಳಿಗಿ ನೀಡಿದ್ರ ಒಂದು ವಾಪಸ್ ಕೊಡ್ತಿಯೇನು?"

"ಇಲ್ರಿ ಅಜ್ಜಾರ. ಹಿಂದ ಸ್ಪ್ರಿಂಗ್ ಇದ್ರ ತುಳಿದ ಬಲಾ ಎಲ್ಲಾ ಅದೇ ತಿಂತದ, ಗಾಲಿಗಿ ಮುಟ್ಟಂಗಿಲ್ಲ. ಭಾರಾನೂ ಹೆಚ್ಚು. ಕಲ್ಲಿನ ದಾರ್ಯಾಗ ಮುಂದಿನ ಗಾಲಿ ಮೆತ್ತಗ ಇಳೀಬೇಕು, ಹಿಂದಿಂದು ಗಟ್ಟಿ ನೂಕಬೇಕು. ಆ ನೀಲಿ ಉಕ್ಕಿಂದು ಕೊಡ್ರಿ. ಸೀಳಿದ್ರ ಇಲ್ಲೇ ಬೆಸಿಗಿ ಹಾಕಸ್ಲಿಕ್ಕೆ ಬರ್ತದ."

ನಂದಕಿಶೋರ ಇಷ್ಟು ಉದ್ದ ಮಾತಾಡಿದ್ದನ್ನು ಹೆತ್ತ ತಾಯಿಯೂ ಕೇಳಿರಲಿಲ್ಲ. ವರ್ಷಕ್ಕೆಂದು ಕೂಡಿಟ್ಟುಕೊಂಡಿದ್ದ ಧೈರ್ಯವೆಲ್ಲ ಆ ಹಿಂದಿನ ಸ್ಪ್ರಿಂಗಿಗೇ ಖರ್ಚಾಗಿ ಹೋಯಿತು.

ನೀಲಿ ಫ್ರೇಮು ಸಣ್ಣದರಿಂದ ದೊಡ್ಡದರವರೆಗೆ ನಾಲ್ಕು ಸೈಜಿನಲ್ಲಿತ್ತು.

"ಗಾಲಿ ಇಲ್ಲದ ಫ್ರೇಮಿನ ಮ್ಯಾಲ ನಿಂತು ನೋಡ್ಲಿಕ್ಕೆ ಬರಂಗಿಲ್ಲ ಸಾಬ್," ಎಂದ ಹಾಜಿಮಲಂಗ್. "ತೊಡಿ ಸಂದಿಯಿಂದ ನೆಲದ ತನಕ ಕಾಲಿನ ಅಳತಿ ತಗಿಸಿ ಕಳಸ್ರಿ. ಮ್ಯಾಲಿನ ಕೊಳವಿ ಅದಕ್ಕಿಂತ ಮೂರು ಬಟ್ಟು ಕೆಳಗ ಬರೂಹಂಗ ಬರೋಬ್ಬರ್ ಸೈಜ್ ಹಾಕ್ತೀನಿ. ಲಾರಿ ಹೋತಂದ್ರ ಬದಲಿ ಇಲ್ಲ, ಮೊದಲೇ ಹೇಳೀನಿ."

ಹಳೆಯ ಕರಿ ಸೈಕಲ್ಲನ್ನು ರೇಟಿನಲ್ಲಿ ವಜಾ ಹಿಡಿಯಲು ಅಲ್ಲೇ ಬಿಟ್ಟು ನಂದಕಿಶೋರ ನಡೆದು ಬಂದ. ನಡೆಯುವಾಗ ಎರಡೂ ಕಾಲು ನೆಲಕ್ಕೆ ಮುಟ್ಟುತ್ತಿದ್ದವು. ಶುಭ ಶಕುನವೆನಿಸಿತು.

ಕ್ವಾರ್ಟರ್ಸಿನ ಬಾಯಿಗೇ ಭೀಮಶಾನ ಹೊಲಿಗೆಯ ಅಂಗಡಿ. ಕಾಲಿನ ಒಳ ಅಳತೆಯನ್ನು ಮನೆಯಲ್ಲಿ ತಾನೇ ತೆಗೆದುಕೊಳ್ಳಲು ಹೋದರೆ ಬಗ್ಗಿದ ಕೂಡಲೇ ಅಳತೆ ಬದಲಾಗುತ್ತದೆ. ಇನ್ನೊಬ್ಬರನ್ನು ಕೇಳಲು ನಾಚಿಕೆ. ದರ್ಜಿಯ ಮುಂದೆ ನಾಚಿಕೆಯಿಲ್ಲ.

"ನೆಟ್ಟಗ ನಿಂದರ್ರಿ. ಪ್ಯಾಂಟೋ, ಪೈಜಾಮೋ?" ಟೇಪು ಹಿಡಿದು ಭೀಮಶಾ ಕೇಳಿದ.

"ಸೈಕಲ್."

ಭೀಮಶಾ ಟೇಪಿನ ಸಮೇತ ತಲೆ ಎತ್ತಿ ನೋಡಿದ. ಅವನು ಟಿವಿಗೆ ಕವರು, ತಬಲಾಕ್ಕೆ ಗವಸು ಹೊಲಿದಿದ್ದ, ಸೈಕಲ್ ಹೊಲಿದಿರಲಿಲ್ಲ. "ಆಗ್ಲಿ ಬಿಡ್ರಿ. ಅಳತಿ ಅಂದ್ರ ಅಳತಿ," ಎಂದು ಕೆಲಸಕ್ಕೆ ಇಳಿದ.

ನಳದಿಂದ ಕೊಡ ತರುತ್ತಿದ್ದ ಜಾನಕೀಬಾಯಿ ನಿಂತಳು. "ಭೀಮಶಾ, ಛಂದಾಗಿ ನೋಡಿ ತಗೋಪಾ. ಬೆಳಿಯೋ ಮೈ ಅದ."

ಬೆಳೆಯುವ ಮೈಗೆ ಆಗ ಮೂವತ್ತು ದಾಟಿತ್ತು. ಕಿವಿಯ ಪಕ್ಕ ನಾಲ್ಕು ಬೆಳ್ಳಿ ಕೂದಲು ಬೆಳೆದಿದ್ದವು.

ಅಷ್ಟರಲ್ಲಿ ಪಾಳಿಯ ಭೋಂಗಾ ಕೂಗಿತು. ಗಣಿಗೆ ಭಾನುವಾರದ ಬಿಡುವಿಲ್ಲ. "ಭೀಮಶಾ, ಅಳತಿ ಅವ್ವಗ ಹೇಳು. ಅವ್ವಾ, ಮಂಚದ ಕೆಳಗಿನ ಚೀಲ, ಅಳತಿ ಎರಡೂ ಅಜ್ಜಾರ ಕೈಯಾಗ ರಿಕ್ಷಾದಾಗ ಹಾಜಿ ಅಂಗಡಿಗಿ ಕಳಸು," ಎಂದು ಹೇಳಿ ನಂದಕಿಶೋರ ಗಣಿಯ ಲಾರಿ ಹತ್ತಿದ. ಹೊರಟ ಲಾರಿಯ ಹಿಂದೆ ತಾಯಿಯ ದನಿ ಕೇಳಿತು. "ವಿಠ್ಠಲಗ ಫೋನ್ ಮಾಡ್ತೀನಪ. ಹಿರೇಮಗ ಬಂದೇ ಕಾಯಿ ಒಡೀಬೇಕು!" ವಿಠ್ಠಲ ಸೇಡಂ ಕಡೆಯ ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಲ್ಲಿದ್ದ.

ಆ ದಿನ ಕಾಟಾದಲ್ಲಿ ನಂದಕಿಶೋರ ತೂಗಿದ್ದು ಫರ್ಸಿಕಲ್ಲು, ಕಂಡದ್ದು ನೀಲಿ. ಸಂಜೆ ಸ್ಟೇಷನ್ನಿನ ಎದುರಿಗೆ ಸೈಕಲ್ ನಿಲ್ಲಿಸುತ್ತೇನೆ, ಕಟ್ಟೆಯಿಲ್ಲದ ಕಡೆ, ನಟ್ಟ ನಡುರಸ್ತೆಯಲ್ಲಿ, ಎರಡೂ ಕಾಲು ಊರುತ್ತೇನೆ, "ಚಾ ಕುಡಿಯೋಣೇನ್ರಿ?" ಎಂದು ನಾನೇ ಯಾರನ್ನಾದರೂ ಕೇಳುತ್ತೇನೆ ಎಂದುಕೊಂಡ.

ಸಂಜೆ ಮನೆಗೆ ಬಂದಾಗ ಸೈಕಲ್ ಬಾಗಿಲ ಕಟ್ಟೆಗೆ ಒರಗಿ ನಿಂತಿತ್ತು. ನೀಲಿ ಮೈ, ಹ್ಯಾಂಡಲಿಗೆ ಸೇವಂತಿಗೆ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು. ಜೋಡಿಸಿದ ಕೈ ತನ್ನದೆಂದು ಹಾಜಿಮಲಂಗನೂ ಬಂದಿದ್ದ. ಕ್ವಾರ್ಟರ್ಸಿಗೆ ಕ್ವಾರ್ಟರ್ಸೇ ನೆರೆದಿತ್ತು.

"ಅಣ್ಣ ಬರೋತನಾ ಒಂದು ಸುತ್ತು ಹೊಡಿ," ಎಂದಳು ಜಾನಕೀಬಾಯಿ.

ನಂದಕಿಶೋರ ಕಟ್ಟೆ ಹತ್ತಿ, ಕಾಲು ಹಾಕಿ, ಹೊರಟೇಬಿಟ್ಟ. ಇಷ್ಟು ವರ್ಷದ ರೂಢಿ. ಕಟ್ಟೆ ಹತ್ತಿದ್ದು ಅವನ ಗಮನಕ್ಕೇ ಬರಲಿಲ್ಲ. ನಿಂಬೆಹಣ್ಣು ಚಿಟಲ್ ಎಂದಿತು. ಸೈಕಲ್ ಎಣ್ಣೆಯ ಮೇಲೆ ಇಟ್ಟ ಹಾಗೆ ಜಾರಿತು. ತುಳಿದ ಬಲವೆಲ್ಲ ಗಾಲಿಗೆ ಹೋಗುತ್ತಿತ್ತು. ಹಿಂದಿನ ಸ್ಪ್ರಿಂಗಿನ ವಿಷಯದಲ್ಲಿ ಅವನು ನೂರಕ್ಕೆ ನೂರು ಸರಿಯಿದ್ದ.

ನೀರಿನ ಟಾಕಿಯ ಹತ್ತಿರ ಬ್ರೇಕು ಹಿಡಿದು, ಗಂಭೀರವಾಗಿ, ವರ್ಷದ ಕನಸಿನಂತೆ, ಕಾಲು ಕೆಳಗೆ ಬಿಟ್ಟ.

ನೆಲ ಸಿಗಲಿಲ್ಲ.

ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವನ ಹಾಗೆ ಅವನ ಎದೆ ಧಸಕ್ಕೆಂದಿತು. ವಾಲುತ್ತಿದ್ದ ಸೈಕಲ್ಲನ್ನು ಹೇಗೋ ತುಳಿದು ಮೇಲೆತ್ತಿದ. ಇನ್ನು ಕಟ್ಟೆಯೇ ಗತಿ. ಟಾಕಿಯ ಕಟ್ಟೆಯ ತುಂಬ ಕೊಡಗಳು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಇಸ್ಪೀಟು. ಭೀಮಶಾನ ಕಟ್ಟೆಯ ಮೇಲೆ ಯಾರೋ ಹಪ್ಪಳ ಒಣಹಾಕಿದ್ದರು. ಅವನ ಸ್ವಂತ ಮನೆಯ ಕಟ್ಟೆಯ ಮೇಲೆ ನೋಡಲು ಬಂದ ಹೆಂಗಸರು ಸಾಲಾಗಿ ಕೂತುಬಿಟ್ಟಿದ್ದರು. ನಂದಕಿಶೋರ ಸುತ್ತಿದ. ಮತ್ತೆ ಸುತ್ತಿದ.

"ಎಷ್ಟು ಖುಷಿ ನೋಡ್ರಿ ಅವಗ! ಇಳಿಲಿಕ್ಕೇ ಮನಸಿಲ್ಲ," ಎಂದರು ಮಡಿವಾಳಯ್ಯನವರು. "ಹೊಡಿ ತಮ್ಮಾ, ಹೊಡಿ!"

"ಸರೀರಿ... ಕಟ್ಟಿ ಬಿಡ್ರಿ..." ಎಂದು ಅವನು ಹೇಳಿದ್ದು ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಕಡೆಗೆ ಸ್ಟೇಷನ್ ಕಡೆಯಿಂದ ವಿಠ್ಠಲ ಬಂದ. ಎದುರಿಗೆ ಬರುತ್ತಿದ್ದ ಸೈಕಲ್ಲಿನ ಹ್ಯಾಂಡಲನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸಿದ. ಇನ್ನೊಂದು ಕೈಯಿಂದ ತಮ್ಮನನ್ನು ತೊಟ್ಟಿಲಿನಿಂದ ಕೂಸನ್ನು ಇಳಿಸಿದಂತೆ ಇಳಿಸಿದ. ಆಮೇಲೆ ತಾನೇ ಕಾಲು ಹಾಕಿ ನಿಂತ.

ಎರಡೂ ಅಂಗಾಲು ನೆಲಕ್ಕೆ ಊರಿದವು. ಮೇಲಿನ ಕೊಳವೆ ಮೂರೇ ಬೆರಳು ಕೆಳಗಿತ್ತು.

"ವಾರೆವ್ಹಾ! ಅಳತಿ ಅಂದ್ರ ಇದು!" ಎಂದ ಭೀಮಶಾ.

"ನೀ ಅವ್ವಗ ಏನು ಅಳತಿ ಹೇಳಿದ್ದಿ?" ನಂದಕಿಶೋರ ಕೇಳಿದ.

"ಇದ್ದದ್ದಕ್ಕ ಎರಡು ಬಟ್ಟು ಹೆಚ್ಚಿಗಿ ಹಿಡದೇ ಹೇಳೀನ್ರಿ. ನೀರಾಗ ಹಾಕಿದ್ರ ಕುಗ್ಗತದಲ್ಲ."

"ಉಕ್ಕು ಕುಗ್ಗತದೇನೋ?"

"ಮುಂದಿನ ಮಾತು ಯಾರು ಕಂಡಾರ್ರಿ?"

"ನಾನೂ ಅದರ ಮ್ಯಾಲ ಒಂದು ಇಂಚು ಕೂಡಿಸಿ ಮೂವತ್ತು ಅಂತ ಹೇಳಿ ಕಳಿಸ್ದೆ," ಎಂದಳು ಜಾನಕೀಬಾಯಿ, ಹೆಮ್ಮೆಯಿಂದ. "ಜೀವಮಾನದಾಗ ಒಂದು ಹೊಸಾದು ಮಾಡಿಸ್ತೀವಿ, ಮುಂದಿನ ವರ್ಷಕ್ಕೂ ಆಗಬೇಕಲ್ಲ."

"ಮೂವತ್ತು ಅಂದ್ರ ಕಡೀಕ ಸೊನ್ನಿ ಬಂತು," ಎಂದರು ಮಡಿವಾಳಯ್ಯನವರು. "ಶುಭ ಕಾರ್ಯ ಸೊನ್ನಿಗಿ ಮುಗಸ್ತಾರೇನು? ಮದಿವ್ಯಾಗ ಮುಯ್ಯಿ ಹಾಕಾಗ ಮ್ಯಾಲ ಒಂದು ಇಡಂಗಿಲ್ಲ? ಮೂವತ್ತೊಂದು ಅಂತ ಹೇಳ್ದೆ."

ನಂದಕಿಶೋರ ಕಡೆಯ ಆಸೆಯಿಂದ ಹಾಜಿಮಲಂಗನತ್ತ ತಿರುಗಿದ. ಹಾಜಿಮಲಂಗ್ ಎದೆಯ ಮೇಲೆ ಕೈಯಿಟ್ಟುಕೊಂಡ.

"ಕೊಸರು ಹಾಕದೆ ನಾ ಎಂದಾರ ಗಿರಾಕಿನ್ನ ಕಳಿಸೀನೇನು ಸಾಬ್? ಅದೇ ರೇಟಿಗಿ ಒಂದು ಸೈಜ್ ದೊಡ್ಡದೇ ಹಾಕೀನಿ."

ಲಾರಿ ಕಲಬುರಗಿ ಮುಟ್ಟಿ ಎಷ್ಟೋ ಹೊತ್ತಾಗಿತ್ತು. ಲಾರಿಗಟ್ಟಲೆ ಕಲ್ಲನ್ನು ಕೂದಲೆಳೆಯಷ್ಟು ತಪ್ಪಿಲ್ಲದೆ ತೂಗುವ ಮನುಷ್ಯ ಬೆರಳು ಮಡಿಚಿ ಕೊಸರುಗಳನ್ನೆಲ್ಲ ಕೂಡಿಸಿದ. ವಿಠ್ಠಲ ಸೈಕಲ್ ಬಿಟ್ಟಿಳಿಯದೆ ಹ್ಯಾಂಡಲು ಸವರುತ್ತ ನಿಂತಿದ್ದ, ಈ ಲೆಕ್ಕವೊಂದೂ ಅವನ ಕಿವಿಗೆ ಬಿದ್ದಿರಲಿಲ್ಲ. ಸಣ್ಣ ಅಳತೆಗೆ ಇಳಿಸಲಾಗದಿದ್ದರೂ, ಸೈಕಲ್ಲು ತನ್ನದೆಂದಾದರೂ ಹೇಳಬೇಕು. ನಂದಕಿಶೋರ ಬಾಯಿ ತೆರೆದ.

"ಅಣ್ಣಾ, ಇದು..."

"ಏನೂ ಹೇಳಬ್ಯಾಡ ನಂದ್ಯಾ." ವಿಠ್ಠಲನ ಕಣ್ಣು ತುಂಬಿದ್ದವು. "ಹೊಸಾ ಸೈಕಲ್ ಬಂದದ, ನೀನೇ ಬರಬೇಕು ಅಂತ ಅವ್ವ ಫೋನಿನ್ಯಾಗ ಅಂದಾಗ ನನಗ ತಿಳೀಲಿಲ್ಲ. ಈಗ ಮ್ಯಾಲ ನಿಂತಾಗ ತಿಳೀತು. ಸಣ್ಣಾಂವ ಇದ್ದಾಗಿಂದ ನಾ ಬಿಟ್ಟದ್ದು ತೊಟ್ಟಿ, ನಾ ಬಿಟ್ಟದ್ದು ತುಳದಿ, ಒಂದಿನ ಬ್ಯಾಡ ಅನ್ನಲಿಲ್ಲ. ಈಗ ನಿನ್ನ ಗಳಿಕ್ಯಾಗ, ನನಗ ಗೊತ್ತಾಗದಂಗ, ನನ್ನ ಅಳತಿಗಿ..."

ಕಟ್ಟೆಯ ಮೇಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಣ್ಣತಮ್ಮಂದ್ರು ಅಂದ್ರ ಹಿಂಗಿರಬೇಕು," ಎಂದು ಮಡಿವಾಳಯ್ಯನವರು ಮೂಗು ಸೀಟಿದರು. ಸೈಕಲ್ ಯಾರದ್ದೆಂದು ಬೆಳಗಿನಿಂದ ಬಲ್ಲವರೂ ಆ ಗಳಿಗೆಯಲ್ಲಿ ಅದನ್ನು ಮರೆತರು. ಎಲ್ಲರೂ ನಂದಕಿಶೋರನನ್ನೇ ನೋಡುತ್ತಿದ್ದರು. ಅವನು ತನ್ನೊಳಗೆ ಧೈರ್ಯಕ್ಕಾಗಿ ತಡಕಾಡಿದ. ಅಲ್ಲಿ ಹಿಂದಿನ ಸ್ಪ್ರಿಂಗಿನ ಖಾಲಿ ಜಾಗವಷ್ಟೇ ಇತ್ತು.

"ಹೂಂ, ಅಣ್ಣಾ," ಎಂದ.

ವಿಠ್ಠಲ ಕಾಯಿ ಒಡೆದ. ಊಟ ಮಾಡಿ, ಸೇಡಂ ಕಡೆಯ ಪ್ಯಾಸೆಂಜರ್ ಗಾಡಿಗೆ ಸೈಕಲ್ ಹಾಕಿಕೊಂಡು ಹೋಗುತ್ತೇನೆಂದು ಹೊರಟ. ಸ್ಟೇಷನ್ನಿನ ತಿರುವಿನಲ್ಲಿ ಯಾರೋ ಪರಿಚಯದವರು ಕೈ ಮಾಡಿದರು. ಅವನು ನಟ್ಟ ನಡುರಸ್ತೆಯಲ್ಲಿ ಸೈಕಲ್ ನಿಲ್ಲಿಸಿ, ಎರಡೂ ಕಾಲು ಊರಿ, ಮಾತಾಡಿ, ಮುಂದೆ ಹೋದ.

ಇದನ್ನೆಲ್ಲ ನೋಡಿದ ಹಾಜಿಮಲಂಗನ ಮನಸ್ಸು ಕರಗಿತು. ಅಂಗಡಿಗೆ ಹೋಗಿ, ವಜಾ ಹಿಡಿದಿದ್ದ ಕರಿ ಸೈಕಲ್ಲನ್ನು ತಾನೇ ತುಳಿದುಕೊಂಡು ಬಂದು ಕಟ್ಟೆಗೆ ಆನಿಸಿದ. "ಇಂಥಾ ತಮ್ಮನ ಸೈಕಲ್ ಇಟ್ಕೊಂಡ್ರ ಖುದಾ ಮೆಚ್ಚಂಗಿಲ್ಲ. ನಿಮ್ಮ ರೊಕ್ಕಾ ಕಮ್ಮಿ ಮಾಡಿದ್ದು ಮಾಡಿದ್ದೇ. ಇದು ನನ್ನ ಕಡಿಂದ ಕೊಸರು."

ಎಲ್ಲರೂ ಹೋದ ಮೇಲೆ ಜಾನಕೀಬಾಯಿ ಮಗನ ಪಕ್ಕದಲ್ಲಿ ಬಂದು ಕೂತಳು. ಅವನ ಮುಖ ನೋಡಿದಳು. ತಾಯಿಗೆ ಏನೋ ಸ್ವಲ್ಪ ತಿಳಿದಂತಿತ್ತು.

"ಯಾಕ ಮಾರಿ ಸಣ್ಣದು ಮಾಡೀದಿ ನಂದ್ಯಾ? ಎಲ್ಲಿ ಹೋಗ್ತದದು? ಅಣ್ಣಗ ಹಳೇದಾತಂದ್ರ ನಿನಗೇ ಬರ್ತದಲ್ಲ."

ನಂದಕಿಶೋರ ಕಟ್ಟೆಯ ಮೇಲಿಂದ ಕಾಲು ಇಳಿಬಿಟ್ಟಿದ್ದ. ಅಲ್ಲಿಯೂ ಅವು ನೆಲಕ್ಕೆ ಮುಟ್ಟುತ್ತಿರಲಿಲ್ಲ.

"ಹೌದವ್ವಾ," ಎಂದ. "ಅಷ್ಟೊತ್ತಿಗೆ ನಾನೂ ಬೆಳೀತೀನಿ."

"ಬೆಳೀತಿ ಬಿಡು," ಎಂದು ಜಾನಕೀಬಾಯಿ ಅವನ ತಲೆ ಸವರಿದಳು. "ಅದಕ್ಕೇ ಅಲ್ಲೇನು ನಾ ಒಂದು ಇಂಚು ಜಾಸ್ತಿ ಹೇಳಿದ್ದು."